ಹಿಡಿಯದ ಕೈ, ಹಿಡಿಯಲಾಗದ ಕೈ

ನಮ್ಮ ಹಿರಿಯರು ವೈರಾಗ್ಯವೆಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗಿದವರಲ್ಲ. ಚಿತೆಯ ಮುಂದೆ ಹುಟ್ಟಿ, ಮನೆಗೆ ಬಂದು ಸ್ನಾನ ಮಾಡುವಷ್ಟರಲ್ಲಿ ಕರಗಿಹೋಗುವುದನ್ನು ಸ್ಮಶಾನವೈರಾಗ್ಯವೆಂದರು. ಪುರಾಣ ಕೇಳುತ್ತ ಕುಳಿತಿರುವಷ್ಟು ಹೊತ್ತು ಮಾತ್ರ ಬಾಳುವುದನ್ನು ಪುರಾಣವೈರಾಗ್ಯವೆಂದರು. ದೊರೆಯದುದನ್ನು ಬೇಡವೆಂದು ಬಿಟ್ಟಂತೆ ತೋರುವುದನ್ನು ಅಭಾವವೈರಾಗ್ಯವೆಂದರು. ಮೊದಲಿನೆರಡು ತಮ್ಮ ನಿಜವಾದ ಬಣ್ಣವನ್ನು ಬೇಗನೆ ತೋರಿಸುತ್ತವೆ. ಮೂರನೆಯದು ಹಾಗಲ್ಲ. ಅಭಾವವು ಎಷ್ಟು ದಿನ ಇರುವುದೋ ಅಷ್ಟು ದಿನವೂ ಅದು ಅಪ್ಪಟ ಸಂಯಮದಂತೆಯೇ ಕಾಣುತ್ತದೆ. ನೋಡುವವರು ಮಾತ್ರವಲ್ಲ, ಎಷ್ಟೋ ವೇಳೆ ಅದನ್ನು ಹೊತ್ತು ತಿರುಗುವವನೇ ಅದರಿಂದ ಮೋಸಹೋಗುತ್ತಾನೆ.

ಇಲ್ಲಿ ಒಂದು ನೀತಿಪ್ರಶ್ನೆ ಏಳುತ್ತದೆ. ಮಾಡಲಾಗದೆ ಬಿಟ್ಟವನಿಗೂ, ಮಾಡಬಲ್ಲವನಾಗಿದ್ದೂ ಬಿಟ್ಟವನಿಗೂ ಫಲದಲ್ಲಿ ಭೇದವಿಲ್ಲದಿರುವಾಗ, ನಾವು ಒಬ್ಬನನ್ನು ಹೊಗಳಿ ಇನ್ನೊಬ್ಬನನ್ನು ಹೊಗಳದಿರುವುದು ನ್ಯಾಯವೇ? ಈ ಪ್ರಶ್ನೆಯನ್ನು ನಮ್ಮ ನೆರೆಹೊರೆಯ ಉದಾಹರಣೆಯಿಂದಲೇ ವಿಚಾರಿಸಹೊರಟರೆ ಪಕ್ಷಪಾತವು ನುಸುಳಬಹುದು. ಆದುದರಿಂದ ಮೊದಲು ಬಹು ದೂರದ ಒಂದು ಸರೋವರಕ್ಕೆ ಹೋಗಿ, ಅಲ್ಲಿಯ ಒಂದು ಚಳಿಗಾಲದ ಬೇಟೆಯ ಋತುವನ್ನು ಹಿಂದಿರುಗಿ ನೋಡೋಣ. ಅಮೆರಿಕದ ವಿಸ್ಕಾನ್ಸಿನ್ ಸಂಸ್ಥಾನದಲ್ಲಿರುವ ವಿನ್ನೆಬೇಗೊ ಸರೋವರವೇ ಆ ಸ್ಥಳ. ೨೦೨೪ನೆಯ ಇಸವಿಯ ಫೆಬ್ರವರಿ ತಿಂಗಳೇ ಆ ಕಾಲ.

ಈ ಸರೋವರದ ಉದ್ದ ಸುಮಾರು ೩೦ ಮೈಲಿ, ಅಗಲ ಸುಮಾರು ೧೦ ಮೈಲಿ. ಆದರೆ ಅತಿ ಆಳವಾದೆಡೆಯಲ್ಲಿಯೂ ಇಪ್ಪತ್ತು ಅಡಿಯ ಆಸುಪಾಸಿನಷ್ಟೇ ನೀರು. ಚಳಿಗಾಲದಲ್ಲಿ ಅದರ ಮೇಲ್ಮೈ ಹೆಪ್ಪುಗಟ್ಟುತ್ತದೆ. ನೀರು ೪ ಡಿಗ್ರಿ ಸೆಂಟಿಗ್ರೇಡ್ ಉಷ್ಣತೆಯಲ್ಲಿ ಅತ್ಯಂತ ಸಾಂದ್ರವಾಗಿರುತ್ತದೆಂಬುದನ್ನೂ, ಅದಕ್ಕಿಂತ ತಣ್ಣಗಾದ ನೀರು ಹಗುರವಾಗಿ ಮೇಲೆಯೇ ನಿಂತು ಗಡ್ಡೆಯಾಗುತ್ತದೆಂಬುದನ್ನೂ ನಮ್ಮ ವಿದ್ಯಾರ್ಥಿಗಳು ವಿಜ್ಞಾನದ ಪಾಠದಲ್ಲಿ ಓದಿರುತ್ತಾರೆ. ಆ ನಿಯಮವೊಂದು ಇಲ್ಲದಿದ್ದರೆ ಶೀತದೇಶಗಳ ಸರೋವರಗಳು ತಳದಿಂದಲೇ ಗಡ್ಡೆಗಟ್ಟಿ ಮೀನುಗಳು ಬದುಕಿ ಉಳಿಯುತ್ತಿರಲಿಲ್ಲ. ಮೇಲಿನ ಗಡ್ಡೆಯೇ ಹೊದಿಕೆಯಾಗಿ ಕೆಳಗಿನ ನೀರನ್ನು ಕಾಯುತ್ತದೆ. ಅದೇ ಗಡ್ಡೆ ಮನುಷ್ಯನಿಗೆ ನೆಲವೂ ಆಗುತ್ತದೆ. ನಾಲ್ಕು ಅಂಗುಲ ದಪ್ಪದ ಶುದ್ಧ ಗಡ್ಡೆಯು ನಡೆಯುವವನ ಭಾರವನ್ನು ತಾಳಬಲ್ಲದೆಂದೂ, ಒಂದಡಿಗೂ ಮೇಲ್ಪಟ್ಟು ದಪ್ಪವಿದ್ದರೆ ಮೋಟಾರು ವಾಹನವೂ ಅದರ ಮೇಲೆ ಸಾಗಬಹುದೆಂದೂ ಅಲ್ಲಿಯವರ ಲೆಕ್ಕ. ಪೂರ್ಣವಾಗಿ ನಂಬತಕ್ಕ ಗಡ್ಡೆಯೆಂಬುದು ಇಲ್ಲವೆಂದು ಅಧಿಕಾರಿಗಳು ಎಚ್ಚರಿಸುವುದೂ ಉಂಟು.

ಫೆಬ್ರವರಿ ತಿಂಗಳ ಎರಡನೆಯ ಶನಿವಾರ ಇಲ್ಲಿ ಸ್ಟರ್ಜನ್ ಎಂಬ ಮೀನಿನ ಬೇಟೆ ಆರಂಭವಾಗುತ್ತದೆ. ಸಾವಿರಾರು ಜನ ಪುಟ್ಟ ಗುಡಿಸಲುಗಳನ್ನು ಗಡ್ಡೆಯ ಮೇಲಕ್ಕೆ ಎಳೆದುಕೊಂಡು ಹೋಗಿ, ಗರಗಸದಿಂದ ಗಡ್ಡೆಯನ್ನು ಚೌಕಾಕಾರವಾಗಿ ಕೊಯ್ದು, ಆ ರಂಧ್ರದ ಮೇಲೆ ಗುಡಿಸಲನ್ನು ನಿಲ್ಲಿಸುತ್ತಾರೆ. ಗುಡಿಸಲಿನೊಳಗೆ ಬೆಳಕು ಬರಲು ಬಿಡುವುದಿಲ್ಲ. ಒಳಗೆ ಕತ್ತಲೆಯಾದಷ್ಟೂ ಕೆಳಗಿನ ನೀರು ಹಸುರಾಗಿ ಬೆಳಗುತ್ತ ತಳದವರೆಗೂ ಕಾಣುತ್ತದೆ. ಮರದಲ್ಲಿ ಕೆತ್ತಿ ಬಣ್ಣ ಬಳಿದ ಹುಸಿಮೀನೊಂದನ್ನು ದಾರದಲ್ಲಿ ಇಳಿಬಿಟ್ಟು, ಉದ್ದನೆಯ ಈಟಿಯನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ಬೆಳಗಿನ ಏಳರಿಂದ ಮಧ್ಯಾಹ್ನದ ಒಂದು ಗಂಟೆಯವರೆಗೆ ನೀರನ್ನೇ ನೋಡುತ್ತ ಕುಳಿತಿರುವುದೇ ಈ ಬೇಟೆ. ಇತ್ತೀಚಿನ ವರ್ಷಗಳಲ್ಲಿ ೧೨,೦೦೦ಕ್ಕೂ ಹೆಚ್ಚು ಮಂದಿ ಇದಕ್ಕೆ ಪರವಾನಗಿ ಪಡೆಯುತ್ತಿದ್ದಾರೆ. ಒಂದು ಪರವಾನಗಿಗೆ ಒಂದೇ ಮೀನು. ಆ ಒಂದು ಮೀನೂ ಬಹು ಜನರಿಗೆ ದೊರೆಯುವುದಿಲ್ಲ. ನೀರು ಕದಡಿದ ವರ್ಷಗಳಲ್ಲಿ ಹತ್ತು ಮಂದಿಗೆ ಒಬ್ಬನ ಕೈಗೂ ಮೀನು ಬರುವುದು ಕಷ್ಟ. ವರ್ಷಗಟ್ಟಲೆ ಕುಳಿತೂ ಈಟಿಯನ್ನು ಒಮ್ಮೆಯೂ ಎಸೆಯದವರು ಅಲ್ಲಿ ಹೇರಳವಾಗಿದ್ದಾರೆ. ಬರಿಗೈಯೇ ಅಲ್ಲಿಯ ವಾಡಿಕೆ. ಮೀನು ಅದಕ್ಕೆ ಅಪವಾದ.

ಈ ಮೀನಿನ ವಿಚಾರವನ್ನೂ ಎರಡು ಮಾತು ಹೇಳಬೇಕು. ಶಾಸ್ತ್ರಜ್ಞರು ಅಸಿಪೆನ್ಸರ್ ಫುಲ್ವೆಸೆನ್ಸ್ ಎಂದು ಹೆಸರಿಟ್ಟಿರುವ ಇದರ ವಂಶವು ಮಹೋರಗಗಳ ಯುಗದಿಂದ ಬಂದದ್ದು. ಇದಕ್ಕೆ ಹಲ್ಲಿಲ್ಲ, ಮೈಮೇಲೆ ಪೊರೆಗೆ ಬದಲಾಗಿ ಎಲುಬಿನ ಫಲಕಗಳ ಸಾಲು, ಒಳಗಿನ ಅಸ್ಥಿಪಂಜರ ಬಹುಪಾಲು ಮೃದ್ವಸ್ಥಿ. ಕೆಸರಿನ ತಳವನ್ನು ಮೀಸೆಯಿಂದ ತಡವುತ್ತ ಹುಳುಮರಿಗಳನ್ನು ಹೀರಿ ಬದುಕುವ ಸಾಧುಪ್ರಾಣಿ ಇದು. ೨೦೧೦ರಲ್ಲಿ ಈ ಸರೋವರದಲ್ಲಿ ದೊರೆತ ಒಂದು ಮೀನು ೨೧೨ ಪೌಂಡು ತೂಗಿತು. ಅದರ ಉದ್ದ ೭ ಅಡಿ. ನಮ್ಮ ವಿಚಾರಕ್ಕೆ ಮುಖ್ಯವಾದುದು ಅದರ ಗಾತ್ರವಲ್ಲ, ವಯಸ್ಸು. ಹೆಣ್ಣುಮೀನು ಮೊದಲ ಬಾರಿ ಮೊಟ್ಟೆಯಿಡುವುದಕ್ಕೆ ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ಬೇಕಾಗುತ್ತದೆ. ಆಮೇಲೆಯೂ ಅದು ಪ್ರತಿವರ್ಷ ಮೊಟ್ಟೆಯಿಡುವುದಿಲ್ಲ. ಮೂರು, ನಾಲ್ಕು, ಐದು ವರ್ಷಗಳಿಗೊಮ್ಮೆ ಮಾತ್ರ. ನೂರು ವರ್ಷ ದಾಟಿ ಬದುಕುವ ಹೆಣ್ಣುಮೀನುಗಳೂ ಉಂಟು. ಇಂದು ಹುಟ್ಟಿದ ಮರಿಯ ಮರಿಯನ್ನು ಕಾಣಬೇಕಾದರೆ ಇಂದಿನ ಪಾಠಶಾಲೆಯ ಬಾಲಕನು ತನ್ನ ಮಕ್ಕಳನ್ನು ಪಾಠಶಾಲೆಗೆ ಕಳುಹಿಸುವವರೆಗೆ ಕಾಯಬೇಕು.

ಇಂತಹ ಪ್ರಾಣಿಯ ಮುಂದೆ ಮನುಷ್ಯನ ಕೈ ಬರಿದಾಗಿ ನಿಂತದ್ದು ಇತಿಹಾಸದಲ್ಲಿ ಒಂದೇ ರೀತಿಯಲ್ಲಿ ಅಲ್ಲ. ಆ ರೀತಿಗಳನ್ನು ಬೇರ್ಪಡಿಸಿ ನೋಡಿದರೆ ನಮ್ಮ ಪ್ರಶ್ನೆಗೆ ಬೆಳಕು ಸಿಕ್ಕೀತು.

ಮೊದಲನೆಯದು ಸೂರೆಯ ಅನಂತರದ ಬರಿಗೈ. ಹತ್ತೊಂಬತ್ತನೆಯ ಶತಮಾನದ ಮಧ್ಯದವರೆಗೆ ಮಹಾಸರೋವರಗಳ ಬೆಸ್ತರು ಸ್ಟರ್ಜನ್ನನ್ನು ಬಲೆ ಹರಿಯುವ ಪೀಡೆಯೆಂದು ಭಾವಿಸಿ ದಡದಲ್ಲಿ ರಾಶಿಹಾಕಿ ಕೊಳೆಯಲು ಬಿಡುತ್ತಿದ್ದರು. ಹಬೆಯ ಹಡಗಿನ ಒಲೆಗೆ ಸೌದೆಯಂತೆ ಒಡ್ಡಿದ್ದೂ ಉಂಟು. ೧೮೬೦ರ ಬಳಿಕ ಅದರ ಮಾಂಸಕ್ಕೂ, ಮೊಟ್ಟೆಗಳಿಂದ ತಯಾರಾಗುವ ಕೇವಿಯರ್ ಎಂಬ ಶ್ರೀಮಂತರ ಖಾದ್ಯಕ್ಕೂ ಬೆಲೆ ಬಂದಿತು. ಪೀಡೆಯೆಂದು ಕೊಂದುದಕ್ಕಿಂತ ಹೆಚ್ಚಾಗಿ ಧನವೆಂದು ಕೊಂದರು. ಶತಮಾನ ತಿರುಗುವಷ್ಟರಲ್ಲಿ ಮಹಾಸರೋವರಗಳಲ್ಲಿ ಅದು ಅಪರೂಪವಾಯಿತು. ೧೯೧೫ರಲ್ಲಿ ವಿಸ್ಕಾನ್ಸಿನ್ ಸರಕಾರವು ಸ್ಟರ್ಜನ್ ಹಿಡಿಯುವುದನ್ನು ನಿಷೇಧಿಸಿತು. ಕೋಟೆ ಸೂರೆಹೋದ ಮೇಲೆ ದಿಡ್ಡಿಬಾಗಿಲು ಹಾಕಿದರೆಂಬ ನಮ್ಮ ಗಾದೆಗೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಗಲಾರದು. ಆ ನಿಷೇಧವು ಅಗತ್ಯವಾಗಿತ್ತು, ಸಂದೇಹವಿಲ್ಲ. ಆದರೆ ಅದನ್ನು ಸಂಯಮವೆಂದು ಕರೆಯಲು ನಾಲಗೆ ಹಿಂಜರಿಯುತ್ತದೆ.

ಎರಡನೆಯದು ಇತರರು ಹೇರಿದ ಬರಿಗೈ. ಈ ಸರೋವರಕ್ಕೆ ನೀರು ತರುವ ವುಲ್ಫ್ ನದಿಯ ಮೇಲ್ಭಾಗದಲ್ಲಿ ಮೆನಾಮಿನಿ ಎಂಬ ಮೂಲನಿವಾಸಿ ಜನಾಂಗವಿದೆ. ವಸಂತದಲ್ಲಿ ಮೊಟ್ಟೆಯಿಡಲು ನದಿಯನ್ನೇರಿ ಬರುವ ಸ್ಟರ್ಜನ್ ಅವರಿಗೆ ಆಹಾರವೂ ಹೌದು, ಪವಿತ್ರವೂ ಹೌದು. ಚಳಿಗಾಲದ ಹಸಿವನ್ನು ನೀಗಿಸಲು ಬರುವ ಅತಿಥಿಯೆಂದು ಅದನ್ನು ಹಬ್ಬದಿಂದ ಎದುರುಗೊಳ್ಳುತ್ತಿದ್ದರು. ಕೆಳಗಿನ ಊರುಗಳಲ್ಲಿ ಕಟ್ಟಿದ ಅಣೆಕಟ್ಟುಗಳಿಂದ ಮೀನು ಮೇಲೆ ಬರುವುದು ನಿಂತುಹೋಯಿತು. ತಲೆಮಾರುಗಳ ಕಾಲ ಅವರು ಬಾರದ ಅತಿಥಿಗಾಗಿ ಕಾದರು. ೧೯೯೦ರ ದಶಕದಿಂದ ಮೀನುಗಳನ್ನು ಮತ್ತೆ ಆ ಜನರ ನೀರಿಗೆ ತಂದುಬಿಡುವ ಕಾರ್ಯ ನಡೆದಿದೆ. ಆ ನಡುವಿನ ವರ್ಷಗಳಲ್ಲಿ ಮೆನಾಮಿನಿಯವರು ಮೀನು ಹಿಡಿಯಲಿಲ್ಲವೆಂದು ಅವರ ಮಿತವಾದ ಬಾಳನ್ನು ಯಾರಾದರೂ ಹೊಗಳಿದರೆ ಅದು ಗಾಯದ ಮೇಲೆ ಉಪ್ಪು ಸುರಿದಂತೆ. ಕಸಿದುಕೊಂಡವನಿಗೆ ಕಳೆದುಕೊಂಡವನ ತ್ಯಾಗವನ್ನು ಶ್ಲಾಘಿಸುವ ಅಧಿಕಾರವಿಲ್ಲ. ಬಡವನ ಮಿತವ್ಯಯವನ್ನು ಕೊಂಡಾಡುವ ಸಿರಿವಂತರು ಎಲ್ಲ ದೇಶಗಳಲ್ಲಿಯೂ ಇರುವುದರಿಂದ ಈ ಮಾತನ್ನು ಒತ್ತಿ ಹೇಳಬೇಕಾಗಿದೆ.

ಮೂರನೆಯದು ಮಿತಿಯನ್ನು ತಾವೇ ಒಪ್ಪಿಕೊಂಡವರ ಬರಿಗೈ. ೧೯೩೦ರ ದಶಕದ ಆರಂಭದಲ್ಲಿ ಈ ಸರೋವರದಲ್ಲಿ ಈಟಿಯ ಬೇಟೆಗೆ ಮಾತ್ರ ಮತ್ತೆ ಅನುಮತಿ ದೊರೆಯಿತು. ಕ್ರಮೇಣ ನಿಯಮಗಳು ಬಿಗಿಯಾದುವು. ಸರೋವರದಲ್ಲಿರುವ ಪ್ರಾಪ್ತವಯಸ್ಕ ಮೀನುಗಳಲ್ಲಿ ನೂರಕ್ಕೆ ಐದಕ್ಕಿಂತ ಹೆಚ್ಚು ಸಾಯಬಾರದೆಂಬುದು ಇಂದಿನ ಸೂತ್ರ. ಎಳೆಯ ಹೆಣ್ಣು, ಬೆಳೆದ ಹೆಣ್ಣು, ಗಂಡು ಎಂದು ಮೂರು ವರ್ಗಗಳಿಗೂ ಬೇರೆ ಬೇರೆ ಮಿತಿ ಉಂಟು. ಹಿಡಿದ ಮೀನನ್ನು ಅದೇ ದಿನ ನೋಂದಣಿಗೆ ಒಪ್ಪಿಸಬೇಕು. ಮೂರರಲ್ಲಿ ಯಾವುದೊಂದು ಮಿತಿ ಮುಟ್ಟಿದರೂ, ಹದಿನಾರು ದಿನಗಳ ಋತುವು ಇನ್ನೂ ಉಳಿದಿದ್ದರೂ, ಎಲ್ಲರಿಗೂ ಬೇಟೆ ಮುಗಿದಂತೆಯೇ. ಒಂದು ಮೀನನ್ನೂ ಕಾಣದೆ ಕುಳಿತವನು ಕೂಡ ಗುಡಿಸಲನ್ನು ಎಳೆದುಕೊಂಡು ಮನೆಗೆ ಹೋಗಬೇಕು, ಹೋಗುತ್ತಾನೆ.

ಕಾನೂನಿಗೆ ಹೆದರಿ ಹೋಗುವುದು ಸಂಯಮ ಹೇಗಾದೀತೆಂದು ಕೇಳಬಹುದು. ಇದಕ್ಕೆ ಉತ್ತರ ವಸಂತಕಾಲದಲ್ಲಿ ನದಿಯ ದಡದಲ್ಲಿ ದೊರೆಯುತ್ತದೆ. ಏಪ್ರಿಲ್ ತಿಂಗಳ ಸುಮಾರಿಗೆ ಈ ದೊಡ್ಡ ಮೀನುಗಳು ಮೊಟ್ಟೆಯಿಡಲು ದಂಡೆಯ ಕಲ್ಲುಗಳ ಬಳಿಗೇ ಬರುತ್ತವೆ. ಆಗ ಅವು ಎಷ್ಟು ನಿಸ್ಸಹಾಯವೆಂದರೆ ಬಗ್ಗಿ ಕೈಯಿಂದಲೇ ಬಾಚಿಕೊಳ್ಳಬಹುದು. ಕಳ್ಳಬೇಟೆಗಾರನಿಗೆ ಅದಕ್ಕಿಂತ ಸುಲಭವಾದ ಸಮಯವಿಲ್ಲ. ಆ ದಿನಗಳಲ್ಲಿ ಹಗಲೂ ರಾತ್ರಿಯೂ ಸರದಿಯಂತೆ ದಡದಲ್ಲಿ ಕಾವಲು ಕೂರುವ ಸ್ವಯಂಸೇವಕರಿದ್ದಾರೆ. ಅವರಲ್ಲಿ ಅನೇಕರು ಫೆಬ್ರವರಿಯಲ್ಲಿ ಈಟಿ ಹಿಡಿದು ಕುಳಿತಿದ್ದವರೇ. ೧೯೭೭ರಲ್ಲಿ ಬಿಲ್ ಕ್ಯಾಸ್ಪರ್ ಎಂಬವರ ಮುಂದಾಳುತನದಲ್ಲಿ ಬೇಟೆಗಾರರೇ ಕಟ್ಟಿಕೊಂಡ 'ಸ್ಟರ್ಜನ್ ಫಾರ್ ಟುಮಾರೋ' ಎಂಬ ಸಂಘವು ಈ ಮೀನಿನ ರಕ್ಷಣೆಗಾಗಿ ಹಣ ಕೂಡಿಸುತ್ತ ಬಂದಿದೆ. 'ನಾಳೆಗಾಗಿ ಸ್ಟರ್ಜನ್' ಎಂಬುದೇ ಆ ಹೆಸರಿನ ಅರ್ಥ. ಹೆದರಿಕೆಯಿಂದ ಪಾಲಿಸುವ ಕಾನೂನಿಗೆ ಕಾವಲುಗಾರ ಬೇಕು. ಒಪ್ಪಿ ಪಾಲಿಸುವ ಕಾನೂನಿಗೆ ಪಾಲಿಸುವವನೇ ಕಾವಲುಗಾರ. ಬಹುಜನರು ಕೂಡಿ ಬಾಳುವಲ್ಲಿ ಸಂಯಮವು ಧರಿಸುವ ವೇಷವೇ ಇಂತಹ ಕಾನೂನು. ಇಂದು ಜಗತ್ತಿನಲ್ಲಿ ಈ ಜಾತಿಯ ಮೀನು ತನ್ನಷ್ಟಕ್ಕೆ ಸಂತಾನ ಬೆಳೆಸಿಕೊಂಡು ಅತಿ ಹೆಚ್ಚಾಗಿ ಉಳಿದಿರುವ ಎಡೆಗಳಲ್ಲಿ ವಿನ್ನೆಬೇಗೊ ಒಂದೆಂಬುದು ಆ ಕಾನೂನಿನ ಫಲ.

ಇನ್ನು ನಾಲ್ಕನೆಯ ಬರಿಗೈ; ಅದು ೨೦೨೪ರದು. ಆ ಚಳಿಗಾಲವು ವಿಸ್ಕಾನ್ಸಿನ್ನಿನಲ್ಲಿ ದಾಖಲೆಯಿಟ್ಟಂದಿನಿಂದ ಅತ್ಯಂತ ಬೆಚ್ಚನೆಯ ಚಳಿಗಾಲವಾಗಿತ್ತು. ಫೆಬ್ರವರಿ ೧೦ರಂದು ಬೇಟೆ ಆರಂಭವಾದಾಗ ಸರೋವರದ ಗಡ್ಡೆಯು ವಾಹನಗಳ ಭಾರ ಹೊರುವ ಸ್ಥಿತಿಯಲ್ಲಿರಲಿಲ್ಲ. ಎಷ್ಟೋ ಮಂದಿ ಗುಡಿಸಲನ್ನು ಅಂಗಳದಿಂದ ಹೊರಕ್ಕೆ ತೆಗೆಯಲಿಲ್ಲ. ಹದಿನಾರು ದಿನಗಳು ಪೂರ್ತಿಯಾಗಿ ಕಳೆದರೂ ದೊಡ್ಡ ಸರೋವರದಲ್ಲಿ ಯಾವ ಮಿತಿಯೂ ಮುಟ್ಟಲಿಲ್ಲ. ಅದನ್ನೂ ಮೇಲಿನ ಚಿಕ್ಕ ಸರೋವರಗಳನ್ನೂ ಕೂಡಿಸಿದರೂ ಹಿಡಿದ ಮೀನುಗಳ ಸಂಖ್ಯೆ ಐದುನೂರನ್ನು ತಲುಪಲಿಲ್ಲ. ಲೆಕ್ಕದ ಪುಸ್ತಕವನ್ನಷ್ಟೇ ನೋಡಿದವರು, ಆ ವರ್ಷದ ಬೇಟೆಗಾರರು ಹಿಂದೆಂದೂ ಇಲ್ಲದಷ್ಟು ಕರುಣಾಳುಗಳಾಗಿದ್ದರೆಂದು ತಿಳಿದಾರು. ಅಂಕಿಗಳಿಗೆ ಕಾರಣ ಹೇಳಲು ಬಾಯಿಲ್ಲ.

ಈಗ ನಮ್ಮ ಪ್ರಶ್ನೆಗೆ ಬರೋಣ. ಮಿತಿಯನ್ನು ಒಪ್ಪಿದವನ ಬರಿಗೈಗೂ ತೆಳುಗಡ್ಡೆಯ ಮುಂದೆ ನಿಂತವನ ಬರಿಗೈಗೂ ಮೀನಿನ ಮಟ್ಟಿಗೆ ಏನು ವ್ಯತ್ಯಾಸ? ಬದುಕಿ ಉಳಿದ ಮೀನು, ತನ್ನನ್ನು ಉಳಿಸಿದ್ದು ಧರ್ಮವೋ ಬಿಸಿಲೋ ಎಂದು ವಿಚಾರಿಸುವುದಿಲ್ಲ. ಫಲವನ್ನೇ ಅಳತೆಗೋಲಾಗಿ ಹಿಡಿದವರು, ಎರಡೂ ಒಂದೇ, ಉದ್ದೇಶದ ಚರ್ಚೆ ಪಂಡಿತರ ಕಾಲಹರಣವೆಂದು ಹೇಳುವರು. ಇದು ಹಗುರವಾದ ಆಕ್ಷೇಪವಲ್ಲ. ಮನಶ್ಶುದ್ಧಿಯ ಮಾತನ್ನು ಮಾತ್ರ ಆಡಿ ಇದನ್ನು ತಳ್ಳಿಹಾಕುವಂತಿಲ್ಲ.

ಆದರೆ ಆ ಮೀನಿನ ಆಯುಷ್ಯವನ್ನು ನೆನಪಿಗೆ ತಂದುಕೊಂಡರೆ ಉತ್ತರವು ಆಕ್ಷೇಪಕರ ಅಳತೆಗೋಲಿನಿಂದಲೇ ದೊರೆಯುತ್ತದೆ. ಒಂದು ವರ್ಷದ ಲೆಕ್ಕದಲ್ಲಿ ಎರಡೂ ಸಮವೆಂಬುದು ನಿಜ. ನೂರು ವರ್ಷಗಳ ಲೆಕ್ಕದಲ್ಲಿ ಸಮವಲ್ಲ. ತೆಳುಗಡ್ಡೆಯು ಈ ವರ್ಷ ಇರುವುದು, ಮುಂದಿನ ವರ್ಷ ಇಲ್ಲದಿರುವುದು. ಗಡ್ಡೆ ಗಟ್ಟಿಯಾದ ದಿನವೇ ಅಭಾವವೈರಾಗ್ಯವು ಈಟಿಯನ್ನು ಕೈಗೆತ್ತಿಕೊಳ್ಳುತ್ತದೆ. ಕಳೆದ ವರ್ಷ ತಪ್ಪಿದುದನ್ನೂ ಕೂಡಿಸಿ ಹಿಡಿಯಬೇಕೆಂಬ ಹಟವೂ ಅದಕ್ಕೆ ಇರಬಹುದು. ಮಿತಿಯನ್ನು ಒಪ್ಪಿದ ಮನಸ್ಸಾದರೋ ಗಡ್ಡೆ ತೆಳುವಾದಾಗಲೂ ದಪ್ಪವಾದಾಗಲೂ ಒಂದೇ ತೆರನಾಗಿರುತ್ತದೆ. ಇಪ್ಪತ್ತು ವರ್ಷಗಳ ಬಳಿಕ ತಾಯಿಯಾಗಬೇಕಾದ ಪ್ರಾಣಿಯನ್ನು ಕಾಪಾಡಬಲ್ಲುದು ಇಪ್ಪತ್ತು ವರ್ಷ ಬಾಳುವ ಒಳ್ಳೆಯತನ ಮಾತ್ರ. ಕಾರಣ ಬದಲಾದೊಡನೆ ಬದಲಾಗುವ ಒಳ್ಳೆಯತನವು ಒಳ್ಳೆಯತನವೇ ಅಲ್ಲವೆಂದು ನಾನು ಹೇಳುವುದಿಲ್ಲ. ಅದು ನಂಬತಕ್ಕುದಲ್ಲವೆಂದಷ್ಟೇ ಹೇಳುತ್ತೇನೆ. ಉದ್ದೇಶಕ್ಕೆ ಬೆಲೆಯಿರುವುದು ಅದು ಮನಸ್ಸಿನೊಳಗಿನ ಒಡವೆಯೆಂಬುದಕ್ಕಾಗಿ ಅಲ್ಲ, ಅದು ನಾಳೆಯ ನಡತೆಗೆ ಇಂದೇ ಕೊಟ್ಟ ಜಾಮೀನು ಎಂಬುದಕ್ಕಾಗಿ.

ಉಪಾಧ್ಯಾಯರಿಗೆ ಇದು ಹೊಸ ಮಾತಲ್ಲ. ಪರೀಕ್ಷೆಯ ಕೊಠಡಿಯಲ್ಲಿ ಮೇಲ್ವಿಚಾರಕರು ಎದುರಿಗೇ ನಿಂತಿರುವಾಗ ಯಾರೂ ನಕಲು ಮಾಡುವುದಿಲ್ಲ. ಆ ಒಂದು ಗಂಟೆಯ ಮಟ್ಟಿಗೆ ಎಲ್ಲರೂ ಸತ್ಯವಂತರೇ. ಅವರು ಹೊರಗೆ ಹೋದ ಐದು ನಿಮಿಷಗಳಲ್ಲಿ ಯಾರು ತನ್ನ ಕಾಗದವನ್ನೇ ನೋಡುತ್ತ ಬರೆಯುವನೋ ಅವನು ಮಾತ್ರ ಆ ಗಂಟೆಯಲ್ಲಿಯೂ ಸತ್ಯವಂತನಾಗಿದ್ದವನು.

ನಮ್ಮ ಕಾಸರಗೋಡಿನ ಕರಾವಳಿಯೂ ಇದೇ ಪಾಠವನ್ನು ಕಲಿಯಬೇಕಾಗಿ ಬಂದಿದೆ. ಹಿಂದೆ ಮಳೆಗಾಲದಲ್ಲಿ ಕಡಲೇ ಬಹುಮಟ್ಟಿಗೆ ದೋಣಿಗಳನ್ನು ತಡೆಯುತ್ತಿತ್ತು. ಮೀನುಗಳು ಮರಿಹಾಕುವ ಆ ತಿಂಗಳುಗಳಲ್ಲಿ ಅಲೆಯೇ ಕಾವಲುಗಾರ. ೧೯೫೩ರಲ್ಲಿ ಕೊಲ್ಲಂ ಸಮೀಪದ ನೀಂಡಕರದಲ್ಲಿ ಇಂಡೋ-ನಾರ್ವೇಜಿಯನ್ ಯೋಜನೆಯು ಆರಂಭವಾದ ಮೇಲೆ ಈ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳು ಹೆಚ್ಚಿದುವು. ತಳವನ್ನು ಬಾಚುವ ಟ್ರಾಲ್ ಬಲೆಗಳು ಬಂದುವು. ಅಲೆಯನ್ನು ಗೆದ್ದವರಿಗೆ ಅಲೆಯ ಕಾವಲು ಸಾಲದಾಯಿತು. ಕೇರಳ ಸರಕಾರವು ೧೯೮೮ರಲ್ಲಿ ಮಳೆಗಾಲದ ಟ್ರಾಲಿಂಗನ್ನು ನಿಷೇಧಿಸತೊಡಗಿತು. ಈಗ ಅದು ಜೂನ್ ೯ರ ನಡುರಾತ್ರಿಯಿಂದ ಜುಲೈ ಕೊನೆಯವರೆಗೆ ೫೨ ದಿನ. ಗಡಿಯಾಚೆಯ ಕರ್ನಾಟಕದಲ್ಲಿ ಯಾಂತ್ರಿಕ ದೋಣಿಗಳಿಗೆ ೬೧ ದಿನ. ಕಡಲು ಮಾಡುತ್ತಿದ್ದ ಕೆಲಸವನ್ನು ಮನುಷ್ಯನ ಮನಸ್ಸು ವಹಿಸಿಕೊಳ್ಳಬೇಕಾಯಿತು. ಶಕ್ತಿ ಬೆಳೆದಷ್ಟೂ ಅಭಾವವೈರಾಗ್ಯದ ಆಶ್ರಯ ಕುಗ್ಗುತ್ತದೆ. ನಿಜವಾದ ಸಂಯಮದ ಅವಶ್ಯಕತೆ ಹೆಚ್ಚುತ್ತದೆ. ವಿಜ್ಞಾನಯುಗದ ನೀತಿಯ ತಿರುಳೆಲ್ಲ ಈ ಒಂದು ಮಾತಿನಲ್ಲಿದೆಯೆಂದು ನನಗೆ ತೋರುತ್ತದೆ.

ಇಷ್ಟನ್ನು ಓದಿದ ಕೆಲವರು ಬೇರೊಂದು ಪ್ರಶ್ನೆಯನ್ನು ಎತ್ತಬಹುದು. ಕೊಲ್ಲುವುದರಲ್ಲಿ ಮಿತಿಯೆಂಬುದೇನು? ನೂರು ವರ್ಷ ಬದುಕಬಲ್ಲ ಸಾಧುಪ್ರಾಣಿಯನ್ನು ಈಟಿಯಿಂದ ಇರಿಯುವವನ ಸಂಯಮವನ್ನು ನಾವೇಕೆ ಹೊಗಳಬೇಕು? ಅಹಿಂಸೆಯನ್ನು ಪರಮಧರ್ಮವೆಂದು ಕೇಳಿ ಬೆಳೆದವರಿಗೆ ಈ ಪ್ರಶ್ನೆ ಸಹಜ, ಅದನ್ನು ಕೇಳಲೇಬೇಕು. ವಸಂತದ ಕಾವಲಿನಿಂದ ಫೆಬ್ರವರಿಯ ಇರಿತವು ತೊಳೆದುಹೋಗುತ್ತದೆಂದು ನಾನು ವಾದಿಸಲಾರೆ. ಇರಿತವು ಇರಿತವೇ. ಆದರೆ ಪ್ರಶ್ನೆ ಕೇಳುವವರೂ ತಮ್ಮ ಕಡೆಗೆ ಒಮ್ಮೆ ತಿರುಗಿ ನೋಡಬೇಕು. ಕೊಲ್ಲದ ಮಾತ್ರಕ್ಕೆ ಯಾರೂ ಕಾಯುವವರಾಗುವುದಿಲ್ಲ. ಮೀನನ್ನು ಮುಟ್ಟದ ಮನೆಯ ಕೊಳೆನೀರೂ ಹೊಳೆಗೇ ಹೋಗುತ್ತದೆ. ಮೀನು ತಿನ್ನದವನು ಉಪಯೋಗಿಸುವ ವಿದ್ಯುತ್ತಿಗಾಗಿಯೂ ನದಿಗೆ ಅಡ್ಡಗಟ್ಟೆ ಏಳುತ್ತದೆ. ಈಟಿಯವನಿಗೆ ತಾನು ಕೊಂದ ಒಂದು ಮೀನಿನ ತೂಕ, ಉದ್ದಗಳು ಗೊತ್ತು. ನಮಗೆ ನಮ್ಮಿಂದ ಸತ್ತುವುಗಳ ಲೆಕ್ಕವೇ ಇಲ್ಲ. ಅಹಿಂಸೆಯು ಸಂಯಮಕ್ಕಿಂತ ಮೇಲಿನ ಮೆಟ್ಟಿಲೆಂಬುದನ್ನು ಒಪ್ಪೋಣ. ಆದರೆ ಕೆಳಗಿನ ಮೆಟ್ಟಿಲನ್ನು ತುಳಿಯದೆ ಮೇಲಿನದಕ್ಕೆ ಹಾರಿದೆವೆಂದು ಹೇಳಿಕೊಳ್ಳುವುದು ಸಲ್ಲದು.

೨೦೨೪ರ ಬರಿಗೈಯಲ್ಲಿ ಇನ್ನೂ ಒಂದು ಸಂಗತಿ ಅಡಗಿದೆ. ಆ ಚಳಿಗಾಲ ಬೆಚ್ಚಗಾದುದಕ್ಕೆ ಕಾರಣ ಒಂದೇ ಅಲ್ಲ. ಶಾಂತಸಾಗರದ ನೀರು ಕಾಯುವ ಎಲ್ ನಿನ್ಯೊ ಎಂಬ ವ್ಯಾಪಾರವೂ ಆ ವರ್ಷ ನಡೆದಿತ್ತು. ಆದರೆ ಅದರ ಹಿಂದೆ ಹಲವು ದಶಕಗಳ ಉಷ್ಣತೆಯ ಏರಿಕೆಯಿದೆ. ಅದಕ್ಕೆ ಮುಖ್ಯ ಕಾರಣ ಮನುಷ್ಯನು ಸುಟ್ಟ ಕಲ್ಲಿದ್ದಲು ಮತ್ತು ಎಣ್ಣೆ. ಅದೇ ಸಂಸ್ಥಾನದ ಮ್ಯಾಡಿಸನ್ ನಗರದ ಮೆಂಡೋಟ ಸರೋವರದಲ್ಲಿ ಗಡ್ಡೆ ಕಟ್ಟುವ ಮತ್ತು ಒಡೆಯುವ ದಿನಗಳನ್ನು ೧೮೫೦ರ ದಶಕದಿಂದ ಬರೆದಿಡುತ್ತ ಬಂದಿದ್ದಾರೆ. ಅಂದಿಗೂ ಇಂದಿಗೂ ಹೋಲಿಸಿದರೆ ಗಡ್ಡೆಯ ಕಾಲವು ಸರಾಸರಿಯಲ್ಲಿ ಸುಮಾರು ಒಂದು ತಿಂಗಳು ಕುಗ್ಗಿದೆ. ಹಾಗಾದರೆ ತೆಳುಗಡ್ಡೆಯ ಮುಂದೆ ನಿಂತವನ ಬರಿಗೈ ಬರಿಯ ದೈವಯೋಗವಲ್ಲ. ಒಂದು ಕಡೆ ಮಿತಿಯಿಟ್ಟುಕೊಂಡ ಮನುಷ್ಯನೇ ಇನ್ನೊಂದು ಕಡೆ ಮಿತಿ ಮೀರಿದುದರ ಫಲವು ಅದರಲ್ಲಿ ಬೆರೆತಿದೆ. ಮೀನಿನ ಲೆಕ್ಕದಲ್ಲಿ ನೂರಕ್ಕೆ ಐದನ್ನು ಎಣಿಸಬಲ್ಲ ಸಮಾಜವು ಹೊಗೆಯ ಲೆಕ್ಕದಲ್ಲಿ ಎಣಿಕೆಯನ್ನು ಮರೆತಿದೆ. ಇದು ವಿಸ್ಕಾನ್ಸಿನ್ನಿನವರಿಗೆ ಮಾತ್ರ ಹೇಳಿದ ಮಾತಲ್ಲವೆಂಬುದನ್ನು ವಿವರಿಸಬೇಕಾಗಿಲ್ಲ.

ಅಭಾವವೈರಾಗ್ಯವನ್ನು ಗುರುತಿಸಲು ನಮ್ಮ ಹಿರಿಯರು ಹೆಸರೊಂದನ್ನು ಕೊಟ್ಟುಹೋದರು. ಪರೀಕ್ಷೆಯನ್ನು ನಾವೇ ಮಾಡಿಕೊಳ್ಳಬೇಕು. ನಮ್ಮ ಸದ್ಗುಣಗಳ ಪಟ್ಟಿಯನ್ನು ಮುಂದಿಟ್ಟುಕೊಂಡು, ಇದರಲ್ಲಿ ಯಾವುದು ಹಣವಿಲ್ಲದ್ದರಿಂದ ಉಂಟಾದುದು, ಯಾವುದು ಅವಕಾಶವಿಲ್ಲದ್ದರಿಂದ ಉಂಟಾದುದು, ಯಾವುದು ನೋಡುವವರಿದ್ದುದರಿಂದ ಉಂಟಾದುದು ಎಂದು ಒಂದೊಂದಾಗಿ ಗೆರೆ ಎಳೆಯುತ್ತ ಹೋದರೆ, ಪಟ್ಟಿ ಚಿಕ್ಕದಾಗುವುದು ನಿಶ್ಚಯ. ಅದಕ್ಕಾಗಿ ನಾಚಬೇಕಾಗಿಲ್ಲ. ಉಳಿದುದು ಒಂದೇ ಆಗಿದ್ದರೂ ಅದು ಗಡ್ಡೆ ಗಟ್ಟಿಯಾದ ವರ್ಷವೂ ಉಳಿಯುವಂಥದು. ವಿದ್ಯಾರ್ಥಿಗಳು ಇಂತಹ ಒಂದನ್ನು ಈ ವಯಸ್ಸಿನಲ್ಲಿಯೇ ಸಂಪಾದಿಸಿಕೊಂಡರೆ, ಮುಂದೆ ಶಕ್ತಿಯೂ ಅಧಿಕಾರವೂ ಕೈಗೆ ಬಂದಾಗ ಎಲ್ಲಿ ನಿಲ್ಲಬೇಕೆಂಬುದನ್ನು ಅವರಿಗೆ ಬೇರೆಯವರು ಹೇಳಿಕೊಡಬೇಕಾಗುವುದಿಲ್ಲ.